ಕೈಗಿಂತ ಮುಂದೆ ಓಡುವ ಕಣ್ಣು

ಚಿತ್ರಕಲೆಗೆ ಹೊಸದಾಗಿ ಕೈಹಾಕಿದವರು ಅದನ್ನು ಬಿಡುವುದು ಹೆಚ್ಚಾಗಿ ಮೊದಲ ವಾರದಲ್ಲಲ್ಲ. ಕೆಲವು ತಿಂಗಳು ಬಣ್ಣ ಬಳಿದು, ಮನೆಯವರಿಂದ ‘ಪರವಾಗಿಲ್ವೇ’ ಅನ್ನಿಸಿಕೊಂಡ ಮೇಲೆ. ಅಷ್ಟರಲ್ಲಿ ಕಣ್ಣು ಚುರುಕಾಗಿ ತಪ್ಪುಗಳು ಎದ್ದು ಕಾಣತೊಡಗುತ್ತವೆ, ಅವನ್ನು ತಿದ್ದುವ ಶಕ್ತಿ ಮಾತ್ರ ಕೈಗೆ ಇನ್ನೂ ಬಂದಿರುವುದಿಲ್ಲ. ಬರೆದದ್ದೆಲ್ಲ ಮೊದಲಿಗಿಂತ ಕೆಟ್ಟಿತು ಅನ್ನಿಸುವುದು ಆಗಲೇ. ಅದು ಮುಂದೆ ಸಾಗಿದ್ದರ ಗುರುತು ಎಂದರೆ ಯಾರೂ ನಂಬುವುದಿಲ್ಲ.

ವಿನ್ಸೆಂಟ್ ವ್ಯಾನ್ ಗೋ ಕಲಿಯಲು ಶುರುಮಾಡಿದ್ದೇ ಈ ಅಂತರದಲ್ಲಿ. ಹದಿನಾರನೆಯ ವಯಸ್ಸಿಗೆ ಕಲಾಕೃತಿ ಮಾರುವ ಗೂಪಿಲ್ ಸಂಸ್ಥೆ ಸೇರಿ ಹೇಗ್, ಲಂಡನ್, ಪ್ಯಾರಿಸ್‌ಗಳಲ್ಲಿ ಚಿತ್ರಗಳ ನಡುವೆಯೇ ಬೆಳೆದವನು. 1880ರಲ್ಲಿ, ಬೆಲ್ಜಿಯಂನ ಕಲ್ಲಿದ್ದಲು ಸೀಮೆಯಲ್ಲಿ ಧರ್ಮಬೋಧಕನ ಕೆಲಸವೂ ತಪ್ಪಿಹೋದ ಮೇಲೆ, ಚಿತ್ರಗಾರನಾಗುತ್ತೇನೆಂದು ನಿಶ್ಚಯಿಸಿದಾಗ ಅವನಿಗೆ 27 ವರ್ಷ. ಆಗ ಅವನು ಬರೆದ ಗಣಿಯಾಳುಗಳು ಮರದ ಬೊಂಬೆಗಳ ಹಾಗೆ ನಿಂತಿದ್ದಾರೆ. ಒಳ್ಳೆಯ ಚಿತ್ರ ಯಾವುದೆಂದು ಬಲ್ಲ ಕಣ್ಣಿಗೆ ಅದು ಕಾಣದೇ ಇರಲಿಲ್ಲ.

ಅವನು ಹಿಡಿದ ದಾರಿ ಬಲು ಬೇಸರದ್ದು. ಚಾರ್ಲ್ಸ್ ಬಾರ್ಗ್ ಎಂಬಾತ ಇದ್ದಿಲಿನ ಅಭ್ಯಾಸಕ್ಕೆಂದು ಸಿದ್ಧಪಡಿಸಿದ್ದ 60 ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿದ. ಚಿತ್ರಗಾರ ಮಿಲೆ ಬರೆದ ರೈತರನ್ನೂ ಬಿಡಲಿಲ್ಲ. ನೂರಾರು ಚಿತ್ರ ಬರೆದು ಮುಗಿಸಿದ್ದ 1890ರಲ್ಲಿ, ಸಾವಿಗೆ ಕೆಲವೇ ವಾರ ಮುಂಚೆ, ಬಾರ್ಗ್‌ನ ಅದೇ ಹಾಳೆಗಳನ್ನು ಕಳಿಸೆಂದು ತಮ್ಮ ತಿಯೋಗೆ ಬರೆದಿದ್ದಾನೆ.

ಹೇಗ್‌ನಲ್ಲಿದ್ದಾಗ, 1882ರಲ್ಲಿ, ಅಡ್ಡಡ್ಡ ದಾರ ಬಿಗಿದ ಮರದ ಚೌಕಟ್ಟೊಂದನ್ನು ಮಾಡಿಸಿಕೊಂಡ. ಅದನ್ನು ಮರಳದಿಬ್ಬದಲ್ಲಿ ನೆಟ್ಟು, ಅದರ ಮೂಲಕ ನೋಡುತ್ತ ಗೆರೆ ಎಳೆಯುತ್ತಿದ್ದ. ಇದು ಕಳ್ಳದಾರಿಯಲ್ಲ. ತಟ್ಟೆ ದುಂಡಗಿದೆ ಎಂದು ನಮಗೆ ಗೊತ್ತು, ಆದ್ದರಿಂದ ಕೈ ದುಂಡಗೇ ಬರೆಯುತ್ತದೆ. ಕುಳಿತಲ್ಲಿಂದ ಕಾಣುವುದು ಮಾತ್ರ ಚಪ್ಪಟೆ ಅಂಡಾಕಾರ. ದೂರದ ಮನೆಯೂ ಮನೆಯೇ ಎಂದು ಅದನ್ನು ದೊಡ್ಡದಾಗಿ ಬರೆದುಬಿಡುತ್ತೇವೆ. ಯಾವ ಗೆರೆ ದಾರವನ್ನು ಎಲ್ಲಿ ದಾಟುತ್ತದೆ ಎಂದಷ್ಟೇ ಕೇಳಿಕೊಂಡರೆ, ಗೊತ್ತಿರುವುದು ಪಕ್ಕಕ್ಕೆ ಸರಿದು ಕಾಣುವುದು ಕಾಗದಕ್ಕೆ ಇಳಿಯುತ್ತದೆ. ಫೋಟೊದ ಮೇಲೆ ಚೌಕ ಗೆರೆ ಹಾಕಿ ಬರೆಯಲು ನಾಚುವವರು ಇದನ್ನು ಒಮ್ಮೆ ನೆನೆಯಬಹುದು.

ಬಣ್ಣ ಬಂದದ್ದು ನಿಧಾನಕ್ಕೆ. ರೈತರ ಮುಖಗಳನ್ನೇ ತಿಂಗಳುಗಟ್ಟಲೆ ಬರೆದು 1885ರಲ್ಲಿ ಮುಗಿಸಿದ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಪೂರಾ ಮಬ್ಬು ಮಣ್ಣುಬಣ್ಣ. ಅದರ ಕಲ್ಲಚ್ಚಿನ ಪ್ರತಿಯನ್ನು ಗೆಳೆಯ ವ್ಯಾನ್ ರಾಪಾರ್ಡ್ ಕಟುವಾಗಿ ಟೀಕಿಸಿದ, ಸ್ನೇಹವೇ ಹಳಸಿತು. ಆಕೃತಿಗಳ ಬಗ್ಗೆ ಅವನು ಹೇಳಿದ್ದರಲ್ಲಿ ಹುರುಳಿತ್ತು ಎಂದೇ ನನ್ನ ಭಾವನೆ. ಮರುವರ್ಷ ಪ್ಯಾರಿಸ್‌ಗೆ ಬಂದ ವ್ಯಾನ್ ಗೋ, ಮಾಡೆಲ್‌ಗಳಿಗೆ ಕೊಡಲು ಕಾಸಿಲ್ಲದೆ, ಬೇಸಿಗೆಯಿಡೀ ಹೂಗಳನ್ನೇ ಬರೆದ. ನೀಲಿಯ ಪಕ್ಕ ಕಿತ್ತಳೆ, ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ: ಪ್ರಯೋಗ ಇದಿಷ್ಟೇ. ಬಣ್ಣಬಣ್ಣದ ಉಣ್ಣೆ ನೂಲನ್ನು ಹೊಸೆದು ಉಂಡೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಬಣ್ಣ ಖರ್ಚಾಗದೆ ಜೋಡಿ ನೋಡುವ ಉಪಾಯ.

ಈ ಜೋಡಿಗಳ ಹಿಂದಿನ ತತ್ವವನ್ನು ವಿವರಿಸಿದವನು ರಸಾಯನಶಾಸ್ತ್ರಜ್ಞ ಶೆವ್ರಲ್, 1839ರಲ್ಲಿ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಾಗ, ದೋಷ ಬಣ್ಣದ್ದಲ್ಲ, ಅದರ ಪಕ್ಕದ ನೂಲಿನದು ಎಂದು ಕಂಡುಕೊಂಡ. ನೀವೇ ನೋಡಬಹುದು: ಒಂದೇ ಬೂದು ಕಾಗದದ ಎರಡು ತುಂಡನ್ನು ಕೆಂಪು ಬಟ್ಟೆಯ ಮೇಲೊಂದು, ಹಸಿರಿನ ಮೇಲೊಂದು ಇಡಿ, ಮೊದಲನೆಯದು ಹಸಿರು ಛಾಯೆಗೆ, ಎರಡನೆಯದು ಕೆಂಪು ಛಾಯೆಗೆ ತಿರುಗಿದಂತೆ ಕಾಣುತ್ತದೆ. ಅಕ್ಕಪಕ್ಕ ಇಟ್ಟರೆ ಒಂದನ್ನೊಂದು ಬೆಳಗಿಸುವ ಕೆಂಪು-ಹಸಿರು, ತಟ್ಟೆಯಲ್ಲಿ ಕಲಸಿದರೆ ಕಂದು ಕೆಸರಾಗುತ್ತವೆ. ‘ನನ್ನ ಬಣ್ಣ ಯಾಕೋ ಕೊಳಕಾಗುತ್ತೆ’ ಎಂದು ಕೊರಗುವವರ ತೊಂದರೆ ಬಹುಪಾಲು ಇಷ್ಟೇ. ದುಬಾರಿ ಟ್ಯೂಬ್ ಕೊಂಡರೆ ಅದು ನೀಗುವುದಿಲ್ಲ.

ಪ್ಯಾರಿಸ್‌ನ ಆ ಬೇಸಿಗೆಯ ಹೂದಾನಿಗಳ ಹೆಸರು ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ. 1888ರ ಆಗಸ್ಟ್‌ನಲ್ಲಿ ಆರ್ಲ್ ಊರಲ್ಲಿ ಹಳದಿ ಹಿನ್ನೆಲೆಯ ಮೇಲೆ ಹಳದಿ ಸೂರ್ಯಕಾಂತಿಯನ್ನೇ ಇಟ್ಟು ಗೆಲ್ಲುವ ಧೈರ್ಯ ವ್ಯಾನ್ ಗೋಗೆ ಬಂದದ್ದು ಅವುಗಳಿಂದಲೇ.