ಒಪ್ಪಿಗೆಯಿಲ್ಲದ ವಿಚ್ಛೇದನ: ವಕೀಲರ ಬಳಿಗೆ ಕೊನೆಗೆ ಹೋಗುವುದೇಕೆ?

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಗಂಡ ಹೆಂಡತಿಯ ನಡುವೆ ಬಿರುಕು ಮೂಡಿದಾಗ ಸುದ್ದಿ ಮೊದಲು ಮುಟ್ಟುವುದು ತಾಯಿಮನೆಗೆ. ಅಲ್ಲಿಂದ ವಾರ್ಡಿನ ಗುರಿಕಾರರಿಗೆ, ಧರ್ಮಕೇಂದ್ರದ ವಿಗಾರರಿಗೆ. ಅಲ್ಲಿಯೂ ಸರಿಹೋಗದಿದ್ದರೆ ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿಗೆ. ವಕೀಲರ ಸರದಿ ಬರುವುದು ಎಲ್ಲರಿಗಿಂತ ಕೊನೆಗೆ. ಕೆಲವೊಮ್ಮೆ ಕೋರ್ಟಿನ ಸಮನ್ಸ್ ಕೈಗೆ ಬಂದ ಮೇಲೆಯೇ. ‘ವಕೀಲರ ಹತ್ತಿರ ಹೋದರೆ ಸಂಸಾರ ಮುಗಿದ ಹಾಗೆ’ ಎಂಬ ಭಯ ಇದಕ್ಕೆ ಕಾರಣ.

ಆ ಭಯ ಅರ್ಥವಾಗುವಂಥದ್ದೇ. ಸಂಸಾರ ಉಳಿಸುವ ಪ್ರಯತ್ನ ಮೊದಲು ನಡೆಯಲೇಬೇಕು. ಆದರೆ ಇಬ್ಬರಲ್ಲಿ ಒಬ್ಬರು ವಿಚ್ಛೇದನಕ್ಕೆ ಹಟ ಹಿಡಿದು, ಇನ್ನೊಬ್ಬರು ಒಪ್ಪದಿದ್ದಾಗ ಕಾನೂನಿನ ತಿಳಿವಳಿಕೆಯಿಲ್ಲದೆ ಕಳೆದ ಪ್ರತಿ ತಿಂಗಳಿಗೂ ಬೆಲೆ ತೆರಬೇಕಾಗುತ್ತದೆ. ಆ ಬೆಲೆ ತೆರುವವರು ಹೆಚ್ಚಾಗಿ ಸಂಪಾದನೆಯಿಲ್ಲದ ಹೆಂಡತಿ ಮತ್ತು ಮಕ್ಕಳು.

ಎರಡು ಬಾಗಿಲುಗಳು

ಮೊದಲು ಒಂದು ದೊಡ್ಡ ಗೊಂದಲವನ್ನು ಬಿಡಿಸಿಕೊಳ್ಳೋಣ. ವಿವಾಹ ನ್ಯಾಯಮಂಡಳಿ ಒಂದು ಮದುವೆಯನ್ನು ಅಸಿಂಧು ಎಂದು ಘೋಷಿಸಿದರೆ ಆ ವ್ಯಕ್ತಿ ಚರ್ಚಿನಲ್ಲಿ ಮತ್ತೆ ಮದುವೆಯಾಗಬಹುದು. ಆದರೆ ದೇಶದ ಕಾನೂನಿನ ಕಣ್ಣಿನಲ್ಲಿ ಹಳೆಯ ಮದುವೆ ಹಾಗೆಯೇ ಉಳಿದಿರುತ್ತದೆ. 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಚರ್ಚಿನ ತೀರ್ಪಿಗೂ ಕಾನೂನಿನ ಮಾನ್ಯತೆ ಬೇಕೆಂದು ಕರ್ನಾಟಕದವರೇ ಆದ ವಕೀಲ ಕ್ಲೆರೆನ್ಸ್ ಪಾಯ್ಸ್ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಹಾಗಾಗಿ ಸಿವಿಲ್ ನ್ಯಾಯಾಲಯದ ಡಿಕ್ರಿ ಇಲ್ಲದೆ ಚರ್ಚಿನ ಪತ್ರವೊಂದನ್ನೇ ನಂಬಿ ಎರಡನೇ ಮದುವೆಯಾದವರ ಮೇಲೆ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಆರೋಪ ಬರಬಹುದು.

ಇದರ ಇನ್ನೊಂದು ಮುಖವೂ ಅಷ್ಟೇ ನಿಜ. ಕೋರ್ಟಿನ ವಿಚ್ಛೇದನ ಸಿಕ್ಕಿತೆಂದು ಕಥೊಲಿಕರು ಚರ್ಚಿನಲ್ಲಿ ಮರುಮದುವೆಯಾಗಲಾರರು. ಎರಡು ಬಾಗಿಲು, ಎರಡು ಬೀಗದಕೈ. ಒಂದರ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ.

‘ಕೋರ್ಟಿಗೆ ಹೋಗುವುದೇ ಪಾಪವಲ್ಲವೇ?’ ಎಂದು ಕೇಳುವವರಿದ್ದಾರೆ. ತನ್ನ ಹಕ್ಕು, ಮಕ್ಕಳ ಪಾಲನೆ ಅಥವಾ ಆಸ್ತಿಯ ರಕ್ಷಣೆಗೆ ಬೇರೆ ದಾರಿಯೇ ಇಲ್ಲದಿದ್ದಾಗ ಸಿವಿಲ್ ವಿಚ್ಛೇದನವನ್ನು ಸಹಿಸಬಹುದು, ಅದು ನೈತಿಕ ಅಪರಾಧವಲ್ಲ ಎಂಬುದು ಕಥೊಲಿಕ್ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದದ ಅಭಿಪ್ರಾಯ. ಸಂಗಾತಿಯಿಂದ ತನಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಬದುಕಲು ಚರ್ಚಿನ ಕ್ಯಾನನ್ ಕಾನೂನಿನ 1153ನೇ ವಿಧಿಯೂ ಅವಕಾಶ ಕೊಡುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದ ಕ್ರೈಸ್ತರಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯಿದೆ. ಬ್ರಿಟಿಷರ ಕಾಲದ ಈ ಕಾಯಿದೆ ಹೆಂಗಸರಿಗೆ ಬಹಳ ಅನ್ಯಾಯ ಮಾಡಿತ್ತು. ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಗಂಡ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಕೂಡ ಸಾಬೀತು ಮಾಡಬೇಕಿತ್ತು. 1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯವನ್ನು ಅಸಿಂಧುಗೊಳಿಸಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಅಂದಿನಿಂದ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ವ್ಯಭಿಚಾರ ಮುಂತಾದ ಕಾರಣಗಳು ಇಬ್ಬರಿಗೂ ಸಮಾನ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಆಗಲೇ ದಾರಿಯಾಯಿತು. ಜಿಲ್ಲಾ ನ್ಯಾಯಾಲಯದ ಡಿಕ್ರಿಗೆ ಹೈಕೋರ್ಟಿನ ದೃಢೀಕರಣ ಬೇಕೆಂಬ ನಿಯಮ ಹೋಯಿತು.

ಒಪ್ಪಿಗೆಯ ವಿಚ್ಛೇದನಕ್ಕೆ ಇತರರಿಗೆ ಒಂದು ವರ್ಷ ಬೇರೆಯಾಗಿದ್ದರೆ ಸಾಕು, ಕ್ರೈಸ್ತರಿಗೆ ಮಾತ್ರ ಎರಡು ವರ್ಷ ಏಕೆ ಎಂಬ ಪ್ರಶ್ನೆ ಮುಂದೆ ಎದ್ದಿತು. ಇದನ್ನು ಒಂದು ವರ್ಷವೆಂದೇ ಓದಿಕೊಳ್ಳಬೇಕೆಂದು 2010ರಲ್ಲಿ ಕೇರಳ ಹೈಕೋರ್ಟ್, 2014ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದವು.

ಒಬ್ಬರು ಒಪ್ಪದಿದ್ದರೆ? ಆಗ ಕಾಯಿದೆಯಲ್ಲಿರುವ ಕಾರಣಗಳಲ್ಲಿ ಒಂದನ್ನಾದರೂ ಸಾಕ್ಷ್ಯದಿಂದ ಸಾಬೀತು ಮಾಡಲೇಬೇಕು. ‘ನಮಗೆ ಹೊಂದಿಕೆಯಾಗುವುದಿಲ್ಲ’ ಎಂಬ ಮಾತು ಸಾಲದು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ಸಂವಿಧಾನದ 142ನೇ ವಿಧಿಯಡಿ ತಾನು ವಿಚ್ಛೇದನ ನೀಡಬಹುದೆಂದು 2023ರ ಮೇ 1ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಅದು ಆ ನ್ಯಾಯಾಲಯದ ವಿಶೇಷ ಅಧಿಕಾರ. ಕೌಟುಂಬಿಕ ನ್ಯಾಯಾಲಯದಲ್ಲಿ ಅದನ್ನು ಹಕ್ಕೆಂದು ಕೇಳುವಂತಿಲ್ಲ.

ವಕೀಲರ ಕೆಲಸ, ನಮ್ಮ ಕೆಲಸ

ಊಹೆಗೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡ ಕೊಲ್ಲಿಯಲ್ಲಿ ಉದ್ಯೋಗಿ. ಅತ್ತೆಮನೆಯ ಹಿಂಸೆ ತಾಳಲಾರದೆ ಹೆಂಡತಿ ಮಗುವಿನೊಂದಿಗೆ ತಾಯಿಮನೆ ಸೇರಿದ್ದಾಳೆ. ‘ಇಂದಲ್ಲ ನಾಳೆ ಸರಿಹೋದೀತು’ ಎಂದು ಎರಡು ವರ್ಷ ಕಾದಿದ್ದಾಳೆ. ಒಂದು ದಿನ ‘ಹೆಂಡತಿ ನನ್ನನ್ನು ತೊರೆದು ಹೋಗಿದ್ದಾಳೆ’ ಎಂಬ ಅರ್ಜಿಯ ಪ್ರತಿ ಅಂಚೆಯಲ್ಲಿ ಬರುತ್ತದೆ. ಹಿಂಸೆಯಿಂದಾಗಿ ಮನೆ ಬಿಟ್ಟವಳು ಕಾನೂನಿನ ಪ್ರಕಾರ ಪರಿತ್ಯಾಗ ಮಾಡಿದವಳಲ್ಲ. ಆದರೆ ಅದನ್ನು ತೋರಿಸಲು ಅವಳ ಬಳಿ ಏನಿದೆ? ಆಸ್ಪತ್ರೆಯ ಚೀಟಿ ಬಿಸಾಡಿಯಾಗಿದೆ, ಹಳೆಯ ಮೊಬೈಲು ಹಾಳಾಗಿದೆ, ಕಣ್ಣಾರೆ ಕಂಡ ನೆರೆಯವರು ಊರು ಬಿಟ್ಟಿದ್ದಾರೆ. ಎರಡು ವರ್ಷ ಮುಂಚೆ ಅರ್ಧ ಗಂಟೆ ವಕೀಲರ ಜೊತೆ ಕುಳಿತಿದ್ದರೆ ಇವೆಲ್ಲ ಉಳಿಯುತ್ತಿದ್ದವು. ದಾವೆ ಹೂಡಬೇಕೆಂದೇನೂ ಇರಲಿಲ್ಲ.

ಸಮನ್ಸ್ ಬಂದರೆ ಸಿಟ್ಟಿನಿಂದ ಹರಿದೆಸೆಯುವುದು, ತೆಗೆದುಕೊಳ್ಳದೆ ಹಿಂದಿರುಗಿಸುವುದು ದೊಡ್ಡ ತಪ್ಪು. ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಬರಬಹುದು. ಹಾಜರಾದ ಮೇಲೆ ಮೊದಲು ನಡೆಯುವುದು ರಾಜಿಯ ಪ್ರಯತ್ನವೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಇದನ್ನು ನ್ಯಾಯಾಧೀಶರ ಕರ್ತವ್ಯವೆಂದೇ ಹೇಳಿದೆ. ಅದು ಫಲಿಸದಿದ್ದರೆ ಆಕ್ಷೇಪಣೆ, ಸಾಕ್ಷ್ಯ, ಪಾಟೀಸವಾಲು, ವಾದ, ತೀರ್ಪು. ಇದೇ ಕಾಯಿದೆಯ ಪ್ರಕಾರ ಈ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಅನುಮತಿ ಪಡೆಯಬೇಕು. ಆದರೂ ಪಾಟೀಸವಾಲನ್ನು ಎದುರಿಸಬೇಕಾದ ಪ್ರಕರಣದಲ್ಲಿ ಅನುಭವಿ ವಕೀಲರಿಲ್ಲದೆ ಮುಂದುವರಿಯುವುದು ಕಷ್ಟ.

ಹೀಗಿದ್ದರೂ ಕಥೆ ನಮ್ಮದು, ವಕೀಲರದ್ದಲ್ಲ. ದಿನಾಂಕವಾರು ನಡೆದದ್ದನ್ನು ಬರೆದುಕೊಡುವುದು, ಮದುವೆಯ ಪ್ರಮಾಣಪತ್ರ, ಬ್ಯಾಂಕಿನ ವಿವರ, ಸಂದೇಶಗಳನ್ನು ಒದಗಿಸುವುದು ಕಕ್ಷಿದಾರರ ಕೆಲಸ. ನಮಗೆ ಪ್ರತಿಕೂಲವಾದ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ನಿಜ ಹೇಳಿದ್ದನ್ನೂ ಯಾರೂ ನಂಬರು. ಸಂಗಾತಿಯ ಫೋನ್ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿದ್ದನ್ನು ವಿಚ್ಛೇದನ ದಾವೆಯಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಸುಳ್ಳು ಆರೋಪ ಹೆಣೆದರೆ ಅದೇ ನಮಗೆ ತಿರುಗುಬಾಣವಾದೀತು.

ಜೀವನಾಂಶ ಮತ್ತು ಮಕ್ಕಳು

ಒಪ್ಪಿಗೆಯಿಲ್ಲದ ವಿಚ್ಛೇದನ ವರ್ಷಗಟ್ಟಲೆ ಎಳೆಯಬಹುದು. ಅಲ್ಲಿಯವರೆಗೆ ಹೊಟ್ಟೆಪಾಡು? ಕಾಯಿದೆಯ 36ನೇ ಕಲಮಿನಡಿ ಹೆಂಡತಿ ಮಧ್ಯಂತರ ಜೀವನಾಂಶ ಮತ್ತು ದಾವೆಯ ಖರ್ಚು ಕೇಳಬಹುದು. ಗಂಡನಿಗೆ ನೋಟಿಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಇದನ್ನು ಇತ್ಯರ್ಥಪಡಿಸಬೇಕೆಂದು ಕಾನೂನು ಹೇಳುತ್ತದೆ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು ಎಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಅರ್ಜಿಯನ್ನೇ ತಡವಾಗಿ ಹಾಕಿದರೆ ಕಳೆದ ತಿಂಗಳುಗಳ ಹಣ ಕೈತಪ್ಪಿದಂತೆ. ಮಕ್ಕಳು ಯಾರ ಬಳಿ ಇರಬೇಕು, ಶಾಲೆಯ ಖರ್ಚು ಯಾರದ್ದು ಎಂಬುದಕ್ಕೂ ದಾವೆ ನಡೆಯುತ್ತಿರುವಾಗಲೇ ಮಧ್ಯಂತರ ಆದೇಶ ಕೇಳಬಹುದು. ಅಲ್ಲಿ ನೋಡುವುದು ಮಗುವಿನ ಹಿತವನ್ನು, ತಂದೆತಾಯಿಯ ಗೆಲುವು ಸೋಲನ್ನಲ್ಲ.

ಪರದೇಶದಲ್ಲಿರುವವರು ಇನ್ನೊಂದು ಮಾತು ನೆನಪಿಡಬೇಕು. ಸಂಗಾತಿ ಒಪ್ಪದಿರುವಾಗ, ನಮ್ಮ ಕಾಯಿದೆಯಲ್ಲಿಲ್ಲದ ಕಾರಣಕ್ಕೆ ಹೊರದೇಶದ ಕೋರ್ಟಿನಿಂದ ತಂದ ಡಿಕ್ರಿ ಇಲ್ಲಿ ನಿಲ್ಲುವುದು ಕಷ್ಟ. ನರಸಿಂಹ ರಾವ್ ಪ್ರಕರಣದಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತಿಳಿಸಿದೆ.

ಯಾವ ವಕೀಲರು?

‘ಗೆಲ್ಲಿಸಿಯೇ ಕೊಡುತ್ತೇನೆ’ ಎನ್ನುವವರಿಗಿಂತ ‘ಇಷ್ಟು ಸಿಗಬಹುದು, ಇಷ್ಟು ಸಿಗಲಾರದು’ ಎಂದು ಮೊದಲ ದಿನವೇ ಹೇಳುವವರು ಮೇಲು. ಸಿಗುವ ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಫೀಸಿನ ಬಗ್ಗೆ ಮೊದಲೇ ಮಾತಾಡಿ ರಶೀದಿ ಪಡೆಯಬೇಕು. ವಕೀಲರನ್ನು ಬದಲಿಸಬೇಕಾಗಿ ಬಂದರೆ, ಫೀಸು ಬಾಕಿಯಿದೆ ಎಂಬ ನೆಪದಲ್ಲಿ ಅವರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಹಣವಿಲ್ಲದವರು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಲಭ್ಯ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಸಾಕು.

ಮದುವೆಗೆ ಮುಂಚೆ ನಮ್ಮ ಯುವಜನರಿಗೆ ವಿವಾಹ ಪೂರ್ವಸಿದ್ಧತಾ ಶಿಬಿರವಿದೆ. ಮದುವೆ ಮುರಿದು ಬೀಳುವಾಗ ಕೈ ಹಿಡಿಯಲು ಏನಿದೆ? ಗುರಿಕಾರರಾಗಲಿ ವಿಗಾರರಾಗಲಿ ಸಾಂತ್ವನ, ಸಂಧಾನದ ಮಾತಿನ ಜೊತೆಗೆ ‘ಒಮ್ಮೆ ಕಾನೂನು ತಿಳಿದವರನ್ನೂ ಕೇಳಿಕೊಳ್ಳಿ’ ಎಂದು ಹೇಳಿದರೆ ಸಂಸಾರ ಒಡೆಯುವುದಿಲ್ಲ. ತಿಳಿದುಕೊಂಡವರು ರಾಜಿಯನ್ನೂ ಭಯವಿಲ್ಲದೆ, ಸಮಾನವಾಗಿ ಕುಳಿತು ಮಾಡಿಕೊಳ್ಳಬಲ್ಲರು. ರಾಜಿಯಾಗದಿದ್ದರೂ ಮಗುವಿನ ಶಾಲೆಯ ಫೀಸು, ತಾಯಿಯ ಮಾನ, ತಂದೆಗೆ ಮಗುವನ್ನು ಕಾಣುವ ಅವಕಾಶ ಇಷ್ಟಾದರೂ ಉಳಿಯುತ್ತದೆ.