ಒಂದೇ ನಂಬರು, ಎರಡು ಗೇರು

ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ ಯಾರ ಲ್ಯಾಪ್‌ಟಾಪ್ ತೆಗೆದು ನೋಡಿದ್ರೂ ಒಂದು ಫೋಲ್ಡರ್ ಸಿಕ್ಕೇ ಸಿಗುತ್ತದೆ. ಅದರೊಳಗ ‘ಗೇರ್_ಫೈನಲ್’, ‘ಗೇರ್_ಫೈನಲ್_2’, ‘ಗೇರ್_ಖರೇ_ಫೈನಲ್’. ನಮ್ಮ ಫೋಲ್ಡರೂ ಹಂಗೇ ಇತ್ತು. ಆದರೆ ನಮಗೆ ಪೆಟ್ಟು ಬಿದ್ದದ್ದು ಈ ಹೆಸರುಗಳ ಗೊಂದಲದಿಂದ ಅಲ್ಲ. ಅದನ್ನೆಲ್ಲ ಸರಿಮಾಡಿ, ಚೊಕ್ಕಟವಾಗಿ ಒಂದೇ ಮಾಸ್ಟರ್ ಫೈಲ್ ಮಾಡಿಕೊಂಡ ಮೇಲೆ ಬಿತ್ತು. ಅದಕ್ಕೇ ಈ ಲೇಖನ.

ನಾವು ನಾಲ್ಕು ಮಂದಿ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಊರಿಗೊಬ್ಬರು. ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಬನಹಟ್ಟಿಯವನು ತಮ್ಮ ಓಣಿಯನ್ನೇ ತೋರಿಸಿದ. ರಬಕವಿ-ಬನಹಟ್ಟಿ ಅಂದ್ರೆ ಮಗ್ಗ. ಬೆಳಗಾದ್ರೆ ಪವರ್‌ಲೂಮಿನ ಖಟಖಟ ಸಪ್ಪಳ. ಆ ಮಗ್ಗದಾಗ ಚೇಂಜ್ ವ್ಹೀಲ್ ಅಂತ ಒಂದು ಗೇರ್ ಇರುತ್ತದೆ. ಅದರ ಹಲ್ಲಿನ ಸಂಖ್ಯೆ ಬದಲಾದರೆ ಬಟ್ಟೆ ಮುಂದೆ ಸರಿಯುವ ವೇಗ ಬದಲಾಗಿ, ಇಂಚಿಗೆ ಬೀಳುವ ಹೊಕ್ಕಿನ ಎಳೆಗಳ ಲೆಕ್ಕವೂ ಬದಲಾಗುತ್ತದೆ. ಸೀರೆಯ ನೇಯ್ಗೆ ಒತ್ತಾಗಬೇಕೋ ಸಡಿಲಾಗಬೇಕೋ ನೋಡಿಕೊಂಡು ನೇಕಾರರು ಬೇರೆ ಬೇರೆ ಹಲ್ಲಿನ ವ್ಹೀಲ್ ಹಾಕುತ್ತಾರೆ.

ಪ್ಯಾರಾಮೆಟ್ರಿಕ್ ಪಾರ್ಟ್ ಫ್ಯಾಮಿಲಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಎಲ್ಲ ಗೇರಿನ ಮಾಡ್ಯೂಲ್ ಒಂದೇ, ದಪ್ಪ ಒಂದೇ, ಬೋರ್ ಒಂದೇ, ಕೀವೇ ಒಂದೇ. ಬದಲಾಗೋದು ಹಲ್ಲು ಮಾತ್ರ. ಮಾಡ್ಯೂಲ್ 3 ಇದ್ದರೆ 40 ಹಲ್ಲಿನ ಗೇರಿನ ಪಿಚ್ ವ್ಯಾಸ 120 ಮಿ.ಮೀ., 41 ಹಲ್ಲಿಗೆ 123. ಒಂದು ಮಾಡೆಲ್ ಬರೆದು, ಒಂದು ಟೇಬಲ್ ಕಟ್ಟಿ, 30ರಿಂದ 45 ಹಲ್ಲಿನವರೆಗೆ 16 ಸಾಲು ತುಂಬಿದೆವು. ಹದಿನಾರು ಗೇರು, ಹದಿನಾರು ನಂಬರು, ಹದಿನಾರು ಡ್ರಾಯಿಂಗು. ಪರಿಚಯದ ಒಬ್ಬ ಮಗ್ಗದ ಕಾಕಾಗೆ ಪ್ರಿಂಟ್ ಕೊಟ್ಟೆವು, ಅವರು ಎರಡು ಗೇರ್ ಮಾಡಿಸಿ ಹಾಕಿದರು. ಸರಿಯಾಗಿ ಕೂತವು. ನಮ್ಮ ಕಾಲು ನೆಲದ ಮ್ಯಾಲೆ ಇರಲಿಲ್ಲ.

ತಿಂಗಳ ನಂತರ ಇನ್ನೊಂದು ಮನೆಯ ಮಗ್ಗಕ್ಕೆ ಅಳತೆ ತೆಗೆದಾಗ ಅಲ್ಲಿನ ಶಾಫ್ಟ್ 20ರ ಬದಲು 22 ಮಿ.ಮೀ. ಇತ್ತು. ನಮ್ಮಲ್ಲೊಬ್ಬ ಮಾಸ್ಟರ್ ತೆರೆದ, ಬೋರ್ 22 ಮಾಡಿದ, ಸೇವ್ ಮಾಡಿದ. ಅರ್ಧ ನಿಮಿಷದ ಕೆಲಸ. ಬೋರ್ ನಮ್ಮ ಟೇಬಲ್‌ನಲ್ಲಿ ಇರಲೇ ಇಲ್ಲ, ಮಾಸ್ಟರ್ ಮಾಡೆಲ್ಲಿನಲ್ಲಿತ್ತು. ಟೇಬಲ್‌ನಲ್ಲಿ ಇಲ್ಲದ ಅಳತೆ ಇಡೀ ಫ್ಯಾಮಿಲಿಗೆ ಸೇರಿದ್ದು. ಹದಿನಾರೂ ಗೇರಿನ ಬೋರ್ ಬದಲಾಯಿತು, ಹದಿನಾರೂ ಡ್ರಾಯಿಂಗ್ ಅಪ್‌ಡೇಟ್ ಆದವು. ನಂಬರು ಹಳೇದೇ, ರಿವಿಷನ್ ‘ಎ’ ಹಳೇದೇ. ಆಮೇಲೆ ಮೊದಲಿನ ಕಾಕಾ ಇನ್ನಾರು ಗೇರಿಗೆ ಪ್ರಿಂಟ್ ಕೇಳಿದಾಗ ನಾವು ಹೊಸದಾಗಿ ಪ್ರಿಂಟ್ ತೆಗೆದು ಕೊಟ್ಟೆವು. ಆರೂ 22ರ ಬೋರಿನಲ್ಲಿ ತಯಾರಾಗಿ ಬಂದು, 20ರ ಶಾಫ್ಟಿನ ಮೇಲೆ ಅಲುಗಾಡತೊಡಗಿದವು.

ಕಾಕಾ ಸಿಟ್ಟು ಮಾಡಲಿಲ್ಲ. “ಹಳೇ ಗೇರ್ ತೋರಿಸಿ ಇದರಂಗ ಮಾಡಪಾ ಅಂದ್ರ ಸರಿ ಮಾಡಿ ಕೊಡ್ತಿದ್ರು ತಮ್ಮಾ. ಗ್ವಾಡಿಗೆ ನೇತಾಕಿದ ಗೇರ್ ರಾತ್ರೋರಾತ್ರಿ ತೂತು ದೊಡ್ಡದು ಮಾಡ್ಕೊಳ್ಳಂಗಿಲ್ಲ ನೋಡು” ಅಂದರು. ಬುಷ್ ಹಾಕಿಸಿ ಆರನ್ನೂ ಉಳಿಸಿಕೊಂಡೆವು, ಖರ್ಚು ನಾಲ್ವರೂ ಹಂಚಿಕೊಂಡೆವು. ಆದರೆ ಅಷ್ಟು ದಿನ ಆ ಮಗ್ಗ ನಿಂತಿತ್ತು. ಸೀರೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಮಗ್ಗ ನಿಂತರೆ ಕೂಲಿಯೂ ನಿಂತಂತೆ. ಅದನ್ನು ನಾವು ತುಂಬಿಕೊಡಲಿಲ್ಲ, ತುಂಬಿಕೊಡಲು ಆಗಲೂ ಇಲ್ಲ.

ಕಾಕಾನ ಮಾತು ಈಗಲೂ ಕೊರೆಯುತ್ತದೆ, ಯಾಕಂದ್ರೆ ಅದು ಸರಿ. ನಾವು ‘ಹಳೇ ಪದ್ಧತಿ’ ಅಂತ ನಗುವ ಆ ಗೋಡೆಯ ಗೇರ್ ಒಂದು ರಿಲೀಸ್ ಆದ ಪಾರ್ಟ್. ಯಾರೂ ಅದನ್ನು ಸುಮ್ಮನೆ ಬದಲಾಯಿಸುವಂತಿಲ್ಲ. ನಮ್ಮ ಮಾಡೆಲ್‌ಗೆ ಆ ಒಂದು ಗುಣ ಇರಲಿಲ್ಲ. ಕ್ಯಾಡ್ ಡೇಟಾ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್, ಅಂದ್ರೆ ವಾಲ್ಟ್, ವಿಂಡ್‌ಚಿಲ್, ಸಾಲಿಡ್‌ವರ್ಕ್ಸ್ ಪಿಡಿಎಂ ಇವೆಲ್ಲ ಇರೋದು ಮುಖ್ಯವಾಗಿ ಆ ಗುಣ ಕೊಡಲಿಕ್ಕೆ. ಚೆಕ್ ಔಟ್ ಮಾಡದೆ ಫೈಲ್ ಬದಲಾಯಿಸಿ ಒಳಗೆ ಸೇರಿಸಲು ಬಿಡುವುದಿಲ್ಲ. ರಿಲೀಸ್ ಆದದ್ದಕ್ಕೆ ಬೀಗ ಹಾಕುತ್ತವೆ. ಒಂದು ಪಾರ್ಟ್ ಯಾವ ಯಾವ ಅಸೆಂಬ್ಲಿಯಲ್ಲಿ ಕೂತಿದೆ ಅಂತ ತೋರಿಸುತ್ತವೆ.

ಆದರೆ ಫ್ಯಾಮಿಲಿ ವಿಷಯ ಬಂದಾಗ ಸಾಫ್ಟ್‌ವೇರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ, ಒಂದೊಂದರ ಸ್ವಭಾವ ಒಂದೊಂದು. ಸಾಲಿಡ್‌ವರ್ಕ್ಸ್‌ನಲ್ಲಿ ಎಲ್ಲ ಕಾನ್ಫಿಗರೇಷನ್‌ಗಳೂ ಒಂದೇ ಫೈಲಿನೊಳಗೆ. ಒಂದು ಸಾಲು ತಿದ್ದಿದರೂ ಇಡೀ ಫೈಲಿಗೆ ಹೊಸ ವರ್ಷನ್ ಬೀಳುತ್ತದೆ, ಮುಟ್ಟದ ಗೇರೂ ಬದಲಾದಂತೆ ಕಾಣುತ್ತದೆ. ಇನ್ವೆಂಟರ್‌ನ ಐಪಾರ್ಟ್‌ನಲ್ಲಿ ಫ್ಯಾಕ್ಟರಿ ಫೈಲ್ ಒಂದು, ಅದರಿಂದ ಹುಟ್ಟಿದ ಮೆಂಬರ್ ಫೈಲುಗಳು ಬೇರೆ. ಅಲ್ಲಿ ಸಮಸ್ಯೆ ಉಲ್ಟಾ: ಫ್ಯಾಕ್ಟರಿ ತಿದ್ದಿ, ಮೆಂಬರ್‌ಗಳನ್ನು ಚೆಕ್ ಔಟ್ ಮಾಡಿ ಮತ್ತೆ ಜನರೇಟ್ ಮಾಡದಿದ್ದರೆ ಅವು ಹಳೇ ಆಕಾರದಲ್ಲೇ ಉಳಿಯುತ್ತವೆ. ಕ್ರಿಯೋದಲ್ಲಿ ಇನ್‌ಸ್ಟನ್ಸ್‌ಗಳು ಜೆನೆರಿಕ್ ಮಾಡೆಲ್ಲಿನಿಂದ ಹುಟ್ಟುತ್ತವೆ, ವಿಂಡ್‌ಚಿಲ್ ಮಾತ್ರ ಪ್ರತಿಯೊಂದನ್ನೂ ಬೇರೆ ಬೇರೆ ಆಗಿ ಲೆಕ್ಕ ಇಡುತ್ತದೆ. ಸಾಫ್ಟ್‌ವೇರ್ ಯಾವುದಾದರೂ ಇರಲಿ, ಬೋರ್ 22 ಮಾಡೋದು ಸರಿಯೋ ತಪ್ಪೋ ಅಂತ ಅದು ಹೇಳೋದಿಲ್ಲ. ಅದನ್ನು ನಾವೇ ಹೇಳಬೇಕು.

ನಮ್ಮ ಅಭಿಪ್ರಾಯ ಇಷ್ಟೇ: ಹೊಸ ಪಾರ್ಟ್ ಹಳೇ ಪಾರ್ಟಿನ ಜಾಗದಲ್ಲಿ ಹಂಗೇ ಕೂತು ಅದೇ ಕೆಲಸ ಮಾಡಿದರೆ ರಿವಿಷನ್ ಏರಿಸಿ. ಕೂರದಿದ್ದರೆ ಹಳೇ ಸಾಲನ್ನು ಮುಟ್ಟಬೇಡಿ, ಹೊಸ ನಂಬರಿನ ಹೊಸ ಸಾಲು ಸೇರಿಸಿ. ಡ್ರಾಯಿಂಗ್‌ನಲ್ಲಿ ಬಿಟ್ಟುಹೋದ ಟಾಲರೆನ್ಸ್ ಬರೆದಿರಾ? ಅದು ರಿವಿಷನ್. ಬೋರ್ ಬದಲಾಯಿತಾ? ಅದು ಬೇರೆ ಗೇರು. ಬೋರನ್ನು ಟೇಬಲ್ಲಿಗೆ ತಂದು, ಹಳೆಯ ಹದಿನಾರೂ ಸಾಲಿಗೆ 20 ಬರೆದು, 22ರದ್ದಕ್ಕೆ ಹದಿನೇಳನೇ ಸಾಲು ಹಾಕಿದ್ದರೆ ಕಾಕಾನ ಮಗ್ಗ ನಿಲ್ಲುತ್ತಿರಲಿಲ್ಲ. ಹಾಗೇ, ಬೇಡವಾದ ಸಾಲನ್ನು ಅಳಿಸಬೇಡಿ, ‘ಹೊಸದಕ್ಕೆ ಬಳಸಬೇಡಿ’ ಅಂತ ಗುರುತು ಹಾಕಿ. ಅಳಿಸಿದರೆ ಅದನ್ನು ನಂಬಿದ ಹಳೇ ಅಸೆಂಬ್ಲಿ ಮುರಿಯುತ್ತದೆ.

ಇದು ಮಗ್ಗದ ಮಾತಷ್ಟೇ ಅಲ್ಲ. ನಮ್ಮ ಉಳಿದ ಮೂವರ ತಾಲ್ಲೂಕುಗಳು ಕಬ್ಬಿನವು, ಸಕ್ಕರೆ ಕಾರ್ಖಾನೆಯವು. ಕಾರ್ಖಾನೆ ಅಂದ್ರೆ ಪೈಪು, ಪೈಪು ಅಂದ್ರೆ ಫ್ಲ್ಯಾಂಜು. ಇಎನ್ 1092-1 ಮಾನದಂಡದಲ್ಲಿ 200 ಮಿ.ಮೀ. ಪೈಪಿನ ಫ್ಲ್ಯಾಂಜ್ ನೋಡಿ. ಪಿಎನ್ 10 ಆಗಲಿ, ಪಿಎನ್ 16 ಆಗಲಿ, ಹೊರವ್ಯಾಸ 340, ಬೋಲ್ಟ್ ವೃತ್ತ 295. ಆದರೆ ಮೊದಲನೆಯದಕ್ಕೆ 8 ತೂತು, ಎರಡನೆಯದಕ್ಕೆ 12. ಯಾರೋ ಒಬ್ಬರು ‘ತಪ್ಪು ತಿದ್ದುತ್ತೇನೆ’ ಅಂತ ಟೇಬಲ್ಲಿನ 8 ಅನ್ನು 12 ಮಾಡಿದರೆ ಪರದೆಯ ಮೇಲೆ ಎಲ್ಲ ಚೆಂದವೇ ಕಾಣುತ್ತದೆ. ಎಂಟು ತೂತಿನ ವಾಲ್ವಿಗೆ ಎದುರಾಗಿ ಅದನ್ನು ಜೋಡಿಸಲು ಹೋದ ಫಿಟ್ಟರ್‌ಗೆ ಮಾತ್ರ ಗೊತ್ತಾಗುತ್ತದೆ. ಅದೂ ನುರಿಸುವ ಹಂಗಾಮಿನಲ್ಲಿ ಆದರೆ ಕೇಳಬೇಡಿ. ಕಡಿದ ಕಬ್ಬು ಕಾಯೋದಿಲ್ಲ, ಹೊತ್ತು ಹೋದಂತೆ ಅದರ ಸಕ್ಕರೆ ಅಂಶ ಇಳಿಯುತ್ತದೆ.

ನಮ್ಮ ಹಾಸ್ಟೆಲ್ಲಿನಲ್ಲಿ ಇದಕ್ಕೆ ಎರಡು ಆಕ್ಷೇಪ ಬಂದವು. ಒಂದು, “ಹಿಂಗ ಮಾಡಿದ್ರ ಟೇಬಲ್ ಹನುಮಂತನ ಬಾಲ ಆಗ್ತದಲ್ಲೋ”. ಆಗುತ್ತದೆ, ನಿಜ. ಆದರೆ ಉದ್ದದ ಟೇಬಲ್ಲಿನಲ್ಲಿ ಹುಡುಕೋದು ಬೇಸರದ ಕೆಲಸ ಅಷ್ಟೇ, ತಪ್ಪು ಗೇರ್ ಮಾಡಿಸೋದು ನಷ್ಟದ ಕೆಲಸ. ಎರಡನೇದು, “ಪಿಡಿಎಂ ಎಲ್ಲಾ ದೊಡ್ಡ ಕಂಪನಿಗೆ, ಲೈಸೆನ್ಸಿಗೆ ರೊಕ್ಕ ಯಾರ ಕೊಡ್ತಾರ?” ಈ ಪ್ರಶ್ನೆ ನ್ಯಾಯದ್ದು. ನಮ್ಮೂರ ವರ್ಕ್‌ಶಾಪುಗಳು ಅದನ್ನು ಕೊಳ್ಳಲಾರವು. ಆದರೆ ಫ್ರೀಕ್ಯಾಡ್ ಪುಕ್ಕಟೆ. ಅದರ ಸ್ಪ್ರೆಡ್‌ಶೀಟಿನಿಂದಲೇ ಅಳತೆಗಳನ್ನು ನಡೆಸಬಹುದು. ಆ ಶೀಟನ್ನು ಸಿಎಸ್‌ವಿ ಆಗಿ ತೆಗೆದು ಗಿಟ್‌ನಲ್ಲಿಟ್ಟರೆ ಯಾರು, ಯಾವತ್ತು, ಯಾವ ಸಾಲಿನ ಯಾವ ಅಂಕಿ ಬದಲಾಯಿಸಿದರು ಅಂತ ಕಣ್ಣಿಗೆ ಕಾಣುತ್ತದೆ. ಅದೂ ಬೇಡಾ ಅಂದ್ರೆ ಒಂದು ನೋಟ್‌ಬುಕ್ ಸಾಕು. ಮಾಸ್ಟರ್ ತೆರೆಯುವ ಹಕ್ಕು ಒಬ್ಬರಿಗೇ, ಬದಲಾವಣೆಗೆ ಇನ್ನೊಬ್ಬರ ಸಹಿ, ಕೊಟ್ಟ ಪ್ರತಿ ಪ್ರಿಂಟಿನ ಪಿಡಿಎಫ್ ಬೇರೆಯಾಗಿ ಎತ್ತಿಡೋದು. ನಾವು ಈಗ ಮಾಡುತ್ತಿರೋದು ಇಷ್ಟೇ.

ನಮ್ಮ ದೂರು ಇರೋದು ನಮ್ಮ ಕಲಿಕೆಯ ಮೇಲೆ. ಲ್ಯಾಬಿನಲ್ಲಿ ಎಕ್ಸ್‌ಟ್ರೂಡ್ ಕಲಿತೆವು, ಫಿಲೆಟ್ ಕಲಿತೆವು, ವೈವಾದಲ್ಲಿ ಮಾಡೆಲ್ ತಿರುಗಿಸಿ ತೋರಿಸಿ ಮಾರ್ಕ್ಸ್ ತೊಗೊಂಡೆವು. ‘ಈ ಅಳತೆ ಬದಲಾದರೆ ಇನ್ಯಾವುದು ಬದಲಾಗುತ್ತದೆ?’ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಮುಂದಿನ ವರ್ಷದಿಂದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಪಾರ್ಟ್ ನಂಬರು, ರಿವಿಷನ್, ಬದಲಾವಣೆಯ ಪಟ್ಟಿ ಕಡ್ಡಾಯ ಆಗಲಿ, ಅದಕ್ಕೆ ಐದೋ ಹತ್ತೋ ಮಾರ್ಕ್ಸ್ ಇರಲಿ ಅಂತ ವಿಭಾಗದ ಸರ್, ಮೇಡಮ್ಮರಲ್ಲಿ ಕೇಳಿಕೊಳ್ಳುತ್ತೇವೆ. ಜೂನಿಯರ್ಸ್‌ಗೂ ಅಷ್ಟೇ: ರೆಂಡರ್ ಮಾಡಿದ ಚಿತ್ರಕ್ಕೆ ಕೊಡುವ ಹೊತ್ತಿನಲ್ಲಿ ಕಾಲುಭಾಗ ಟೇಬಲ್ಲಿಗೆ ಕೊಡಿ.

ಕಾಕಾ ಮೊನ್ನೆ ಮತ್ತೆ ಎರಡು ಗೇರಿಗೆ ಡ್ರಾಯಿಂಗ್ ಕೇಳಿದರು. ಕೊಟ್ಟೆವು. ಅವರು ಪ್ರಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಯ ಹಳೇ ಗೇರ್ ಇಳಿಸಿ, ಬೋರಿಗೆ ಕ್ಯಾಲಿಪರ್ ಹಾಕಿ, ಅಳತೆ ತಾಳೆ ನೋಡಿ, ಆಮೇಲೆ ವರ್ಕ್‌ಶಾಪಿಗೆ ಕಳಿಸಿದರು. ನಮಗೆ ಬೇಜಾರಾಗಲಿಲ್ಲ. ಆ ಕ್ಯಾಲಿಪರ್ ಹಿಡಿಯೋ ಕೆಲಸ ಕಳಿಸೋಕೆ ಮುಂಚೆ ನಾವೇ ಮಾಡಬೇಕಿತ್ತು.