ಸಂಬಳವಿಲ್ಲದ ಗುರು

ನಮ್ಮ ವಾಚಕರಿಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. ಪಕ್ಷಕ್ಕೆ ಒಂಬತ್ತು ಮಂದಿ. ಒಬ್ಬನು ಎಸೆದ ಚೆಂಡನ್ನು ಎದುರಾಳಿಯು ದುಂಡನೆಯ ದಾಂಡಿನಿಂದ ಹೊಡೆದು, ಮೂರು ನೆಲೆಗಳನ್ನು ಮುಟ್ಟಿ, ಹೊರಟಲ್ಲಿಗೇ ಮರಳಿದರೆ ಒಂದು ಓಟ. ಅಲ್ಲಿಯ ಕಾಲೇಜುಗಳಲ್ಲಿ ಇದನ್ನು ಕಲಿಸಲು ಒಬ್ಬ ಮುಖ್ಯ ಕೋಚ್, ಆತನ ಕೈಕೆಳಗೆ ಕೆಲವು ಮಂದಿ ಸಹಾಯಕರು ಇರುತ್ತಾರೆ. ಗೆದ್ದ ದಿನ ಕೀರ್ತಿಯು ಮುಖ್ಯನದು. ಸಹಾಯಕನು ಎಲೆಯ ಮರೆಯ ಕಾಯಿ. ಈ ತಿಂಗಳು ಆತನ ಬದುಕನ್ನು ಕುರಿತು ನಾಲ್ಕು ಮಾತು.

ಹುಡುಗರು ಬರುವ ಮೊದಲೇ ಆತನು ಬಯಲಿಗೆ ಬಂದಿರಬೇಕು. ಅಭ್ಯಾಸಕ್ಕೆಂದು ನೂರಾರು ಸಲ ಚೆಂಡೆಸೆಯಬೇಕು. ಎದುರು ಪಕ್ಷದ ಗುಣದೋಷಗಳನ್ನು ಗುರುತುಹಾಕಿಕೊಳ್ಳಬೇಕು. ಊರೂರು ಅಲೆದು ಒಳ್ಳೆಯ ಆಟಗಾರರನ್ನು ಹುಡುಕಿ, ಅವರ ತಂದೆತಾಯಿಗಳನ್ನು ಒಪ್ಪಿಸಬೇಕು. 2025ರವರೆಗೆ ಮೊದಲ ದರ್ಜೆಯ ತಂಡವೊಂದಕ್ಕೆ ಒಟ್ಟು 11.7 ಪೂರ್ಣ ವಿದ್ಯಾರ್ಥಿವೇತನಗಳು ಮಾತ್ರ ಇದ್ದುವು. ಅವನ್ನು ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಚೂರುಚೂರಾಗಿ ಹಂಚಬೇಕಾಗಿತ್ತು. ಮುಖ್ಯನು ಕೆಲಸ ಕಳೆದುಕೊಂಡರೆ ಸಹಾಯಕನೂ ಬಹುಮಟ್ಟಿಗೆ ಗಂಟುಮೂಟೆ ಕಟ್ಟಬೇಕಾದದ್ದೇ.

ಇಷ್ಟಕ್ಕೆ ಸಂಬಳವೆಷ್ಟು? ಕಾಲೇಜು ಪಂದ್ಯಗಳನ್ನು ಆಳುವ ಎನ್‌ಸಿಎಎ ಸಂಘವು 1992ರಿಂದ ಒಂದು ವರ್ಗದ ಸಹಾಯಕರಿಗೆ ವರ್ಷಕ್ಕೆ 16,000 ಡಾಲರುಗಳ ಮಿತಿಯನ್ನು ಹಾಕಿತು. ಅವರು ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ತೀರ್ಪು ಅವರ ಪರವಾಯಿತು. 1998ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮರುವರ್ಷ ಸಂಘವು 5 ಕೋಟಿ 45 ಲಕ್ಷ ಡಾಲರುಗಳನ್ನು ಕೊಡಲೊಪ್ಪಿತು. ಆದರೂ ಬೇಸ್‌ಬಾಲಿನಲ್ಲಿ ಸಂಬಳದ ಸಹಾಯಕರಿಬ್ಬರು, ಮೂರನೆಯವನು ‘ಸ್ವಯಂಸೇವಕ’ ಎಂಬ ಕಟ್ಟಳೆಯು ಬಹುಕಾಲ ನಡೆದುಬಂತು. ಈ ಮೂರನೆಯವನು ದುಡಿಯುವುದು ಉಳಿದಿಬ್ಬರಂತೆಯೇ. ಸಂಬಳ ಮಾತ್ರ ಸೊನ್ನೆ. ಬೇಸಿಗೆಯ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸಿ ಬಂದ ಕಾಸಿನಲ್ಲಿ ಮನೆಯ ಬಾಡಿಗೆ, ಅಂಗಡಿಯ ಲೆಕ್ಕ ಎರಡೂ ತೀರಬೇಕು. ಹೆಂಡತಿಯ ಗಳಿಕೆಯಿಂದಲೇ ಒಲೆ ಉರಿಯುವ ಮನೆಗಳಿಗೆ ಕೊರತೆಯಿರಲಿಲ್ಲ. ಕೊನೆಗೆ 2023ರ ಜುಲೈ 1ರಿಂದ ಈ ಕಟ್ಟಳೆಯು ರದ್ದಾಗಿ, ಮೂವರು ಸಹಾಯಕರಿಗೂ ಸಂಬಳ ಕೊಡುವ ಅವಕಾಶವಾಯಿತು.

ಇಷ್ಟು ಕಷ್ಟವಿದ್ದರೂ ಜನರು ಈ ದಾರಿಯನ್ನು ಹಿಡಿಯುವುದೇಕೆ? ಸ್ಕಿಪ್ ಬರ್ಟ್‌ಮನ್ನರ ಬದುಕನ್ನು ನೋಡಿದರೆ ತಿಳಿಯುತ್ತದೆ. ಅವರು ಮೊದಲು ಪ್ರೌಢಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದರು. 1976ರಿಂದ ಎಂಟು ವರ್ಷ ಮಿಯಾಮಿ ವಿಶ್ವವಿದ್ಯಾಲಯದಲ್ಲಿ ರಾನ್ ಫ್ರೇಜರರ ಕೈಕೆಳಗೆ ದುಡಿದರು. 1982ರಲ್ಲಿ ಆ ತಂಡವು ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದಾಗ ಅವರು ಎರಡನೆಯ ಸ್ಥಾನದವರೇ. ಅನಂತರ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಆಗಿ, 1991, 1993, 1996, 1997 ಮತ್ತು 2000ರಲ್ಲಿ, ಐದು ಸಲ ಅದೇ ಪ್ರಶಸ್ತಿಯನ್ನು ತಂದರು. ಮರೆಯಲ್ಲಿ ಕಳೆದ ಆ ಎಂಟು ವರ್ಷಗಳು ವ್ಯರ್ಥವಾಗಲಿಲ್ಲ.

ಆದರೆ ಎಲ್ಲರೂ ಬರ್ಟ್‌ಮನ್ ಆಗುವುದಿಲ್ಲವಷ್ಟೆ. ಮೇಲಿನ ಮೆಟ್ಟಲನ್ನು ಮುಟ್ಟದೆ ಮುದುಕರಾದವರೂ ಎಷ್ಟೋ ಹುಡುಗರ ಕೈಯನ್ನು ತಿದ್ದಿದವರೇ. ಒಬ್ಬನಿಗೆ ತನ್ನ ಕೆಲಸದಲ್ಲಿ ಪ್ರೀತಿಯುಂಟೆಂದು ಅವನ ಕೂಲಿಯನ್ನು ಹಿಡಿಯುವುದು ನ್ಯಾಯವಲ್ಲ. ಪ್ರೀತಿಯು ಅವನು ತಾನಾಗಿ ಕೊಡುವ ಕಾಣಿಕೆ. ಕೂಲಿಯು ನಾವು ತೀರಿಸಬೇಕಾದ ಸಾಲ.